ಜನಪದ ಅಧ್ಯಯನಕ್ಕೆ ರಾಜಕೀಯ ಬಂದದ್ದು ಈಗಲೇನಾ?

ಹನುಮಂತನಗರದ ಓದುಗ

ಈಚೆಗೆ ಬೆಂಗಳೂರಿನ ಸಭೆಗಳಲ್ಲಿ ಒಂದು ಮಾತು ಜಾಸ್ತಿ ಕೇಳಿಬರುತ್ತಿದೆ. ಮೊದಲೆಲ್ಲ ಜನಪದ ಅಧ್ಯಯನ ಶುದ್ಧವಾಗಿತ್ತಂತೆ. ಹಾಡು ಕೇಳಿದರು, ಬರೆದುಕೊಂಡರು, ಅಷ್ಟೇ. ಆಮೇಲೆ ಎಡ, ಬಲ ಅಂತ ರಾಜಕೀಯ ನುಗ್ಗಿ ಎಲ್ಲ ಕೆಟ್ಟಿತಂತೆ. ಕಲಾಕ್ಷೇತ್ರದ ಹೊರಗೆ ಟೀ ಕುಡಿಯುವವರೂ ಇದನ್ನೇ ಹೇಳುತ್ತಾರೆ, ಒಳಗೆ ಶಾಲು ಹೊದ್ದು ಕೂತವರೂ ಇದನ್ನೇ ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಈ ಓದು ಹುಟ್ಟಿದ್ದೇ ರಾಜಕೀಯದಿಂದ.

ಜರ್ಮನಿ ನೋಡಿ. ಅಲ್ಲಿನ ಚಿಂತಕ ಹೆರ್ಡರ್ ತನ್ನ ಜನಗೀತೆಗಳ ಸಂಗ್ರಹ ತಂದದ್ದು 1778-79ರಲ್ಲಿ. ಆಗ ಜರ್ಮನಿ ಅನ್ನುವ ಒಂದು ದೇಶವೇ ಇರಲಿಲ್ಲ. ಸಣ್ಣಪುಟ್ಟ ಸಂಸ್ಥಾನಗಳಿದ್ದವು, ದೊಡ್ಡ ಮನೆಯವರು ಫ್ರೆಂಚ್ ಮಾತಾಡುತ್ತಿದ್ದರು. ಒಂದು ಜನಾಂಗದ ಜೀವ ಇರುವುದು ಸಾಮಾನ್ಯರ ಹಾಡಿನಲ್ಲಿ ಅಂತ ಹೆರ್ಡರ್ ಹೇಳಿದ. ಗ್ರಿಮ್ ಸಹೋದರರ ಕತೆಗಳ ಮೊದಲ ಸಂಪುಟ ಬಂದದ್ದು 1812ರಲ್ಲಿ. ಅವರಿದ್ದ ಕಾಸೆಲ್ ಊರನ್ನು ಆಗ ಆಳುತ್ತಿದ್ದವನು ನೆಪೋಲಿಯನ್ನನ ತಮ್ಮ. ಯಾಕೋಬ್ ಗ್ರಿಮ್ ಅವನ ಲೈಬ್ರರಿಯಲ್ಲೇ ಕೆಲಸಕ್ಕಿದ್ದ. ಸಂಬಳ ಫ್ರೆಂಚ್ ದೊರೆಯದು, ಮಿಕ್ಕ ಹೊತ್ತಿನಲ್ಲಿ ಜರ್ಮನ್ ಕತೆಗಳ ಬೇಟೆ.

ಕತೆ ಹೇಳಿದವರು ಯಾರು? ಜಾಸ್ತಿ ಜನ ಓದುಬರಹ ಬಲ್ಲ ಅನುಕೂಲಸ್ಥ ಮನೆಗಳ ಹುಡುಗಿಯರು. ಅಪ್ಪಟ ಹಳ್ಳಿ ಹೆಂಗಸು ಅಂತ ಗ್ರಿಮ್‌ಗಳು ಮೆರೆಸಿದ ಡೊರೊತಿಯಾ ಫೀಮನ್ ಒಬ್ಬ ದರ್ಜಿಯ ಹೆಂಡತಿ. ಅವಳ ಮನೆತನದ ಬೇರು ಫ್ರಾನ್ಸಿನಿಂದ ಓಡಿ ಬಂದ ಪ್ರಾಟೆಸ್ಟೆಂಟರದು. ಇನ್ನೊಂದು ವಿಷಯ. ಮೊದಲ ಮುದ್ರಣದಲ್ಲಿ ಸ್ನೋವೈಟ್‌ಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ. ಆಮೇಲಿನ ಮುದ್ರಣಗಳಲ್ಲಿ ಮಲತಾಯಿ. ತಾಯ್ನಾಡಿನ ಕತೆಯಲ್ಲಿ ತಾಯಿ ಕೆಟ್ಟವಳಾಗುವ ಹಾಗಿಲ್ಲ ನೋಡಿ!

ಇದೇ ದಾರಿ ಮುಂದೆ ಎಲ್ಲಿಗೆ ಹೋಯಿತು ಅಂತ ಗೊತ್ತೇ ಇದೆ. 1935ರಲ್ಲಿ ನಾಜಿ ನಾಯಕ ಹಿಮ್ಲರ್ ‘ಅಹ್ನೆನೆರ್ಬೆ’ ಅನ್ನುವ ಸಂಸ್ಥೆ ಕಟ್ಟಿಸಿದ. ಪೂರ್ವಜರ ಆಸ್ತಿಯ ಸಂಶೋಧನೆ ಅಂತ ಹೆಸರು, ಆರ್ಯರ ದೊಡ್ಡಸ್ತಿಕೆಗೆ ಸಾಕ್ಷಿ ಹುಡುಕುವುದು ಕೆಲಸ. ಎಷ್ಟೋ ಜನಪದ ವಿದ್ವಾಂಸರು ಖುಷಿಯಿಂದಲೇ ಸೇರಿಕೊಂಡರು. ಯುದ್ಧ ಮುಗಿದ ಮೇಲೆ ಆ ಓದಿನ ಹೆಸರು ಹೇಳಿಕೊಳ್ಳಲೂ ಜನ ನಾಚುವ ಹಾಗಾಯಿತು. ಟ್ಯೂಬಿಂಗೆನ್‌ನಲ್ಲಿ ಹೆರ್ಮನ್ ಬೌಸಿಂಗರ್ ಮತ್ತು ಅವರ ಶಿಷ್ಯರು 1971ರಲ್ಲಿ ತಮ್ಮ ವಿಭಾಗದ ಹೆಸರನ್ನೇ ಬದಲಾಯಿಸಿದರು.

ಅದಕ್ಕೇ ಕೇಳುತ್ತಿದ್ದೇನೆ. ನಮ್ಮ ಕನ್ನಡದ ಜನಪದ ಓದಿನಲ್ಲಿ ಯಾವ ರಾಜಕೀಯ, ಎಲ್ಲಿ, ಹೇಗೆ ಕೆಲಸ ಮಾಡಿದೆ? ಉದಾಹರಣೆ ಕೊಟ್ಟು ಮಾತಾಡೋಣ.

ಜಯನಗರದ ನಿವೃತ್ತ ಮೇಷ್ಟ್ರು

ಉದಾಹರಣೆ ಚೆನ್ನಾಗಿವೆ. ಆದರೆ ಜರ್ಮನಿಯ ಪಾಪವನ್ನು ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರ ತಲೆಗೆ ಕಟ್ಟಬೇಡಿ. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಯಾವ ಪಕ್ಷದ ಬಾವುಟ ಹಿಡಿದು ಊರೂರು ತಿರುಗಿದರು? ಅವರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಬಂತು. ಬೀಸುವ ಕಲ್ಲಿನ ಮುಂದೆ ಕೂತ ತಾಯಂದಿರ ಹಾಡಿಗೆ ಮನಸೋತು ಮಾಡಿದ ಕೆಲಸ ಅದು. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಹಾಡುಗಳು’ ಕೂಡ ಹಾಗೆಯೇ. ಎಸ್.ಕೆ. ಕರೀಂಖಾನರು ಜೋಳಿಗೆ ಹಾಕಿಕೊಂಡು ಮಲೆನಾಡೆಲ್ಲ ಅಲೆದರು. ಇವರಿಗೆ ಸಂಬಳ ಕೊಟ್ಟವರಿಲ್ಲ, ಪ್ರಮೋಷನ್ ಕೊಟ್ಟವರಿಲ್ಲ.

ಪ್ರೀತಿಗೂ ಐಡಿಯಾಲಜಿ ಅಂತ ಹೆಸರಿಟ್ಟರೆ ಆ ಶಬ್ದಕ್ಕೆ ಬೆಲೆ ಏನು ಉಳಿಯಿತು?

ಅರ್ಧ ಪಿಎಚ್‌ಡಿ

ಮೇಷ್ಟ್ರೇ, ಅವರ ಪ್ರೀತಿಯ ಬಗ್ಗೆ ಯಾರಿಗೂ ಅನುಮಾನವಿಲ್ಲ. ಆದರೆ ಪ್ರೀತಿಯೂ ಒಂದು ಕಾಲದಲ್ಲಿ ಹುಟ್ಟುತ್ತದೆ ಅಲ್ವಾ? 1931 ಅಂದರೆ ಉಪ್ಪಿನ ಸತ್ಯಾಗ್ರಹದ ಮಾರನೇ ವರ್ಷ. ಕನ್ನಡ ನಾಡು ಬೇರೆ ಬೇರೆ ಆಡಳಿತಗಳಲ್ಲಿ ಹರಿದು ಹಂಚಿತ್ತು. ಆಲೂರು ವೆಂಕಟರಾಯರು 1917ರಲ್ಲೇ ಕರ್ನಾಟಕದ ಗತವೈಭವದ ಪುಸ್ತಕ ಬರೆದಿದ್ದರು. ಹಲಸಂಗಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಅಲ್ಲಿನ ಹೆಂಗಸರೂ ನಮ್ಮ ಕನ್ನಡದಲ್ಲೇ ಹಾಡುತ್ತಾರೆ ಅಂತ ಮೈಸೂರಿನವರಿಗೆ ಗೊತ್ತಾಗುವುದು ಆಗ ಸಣ್ಣ ವಿಷಯವಲ್ಲ. ಗೊರೂರರಂತೂ ಗಾಂಧಿ ದಾರಿಯವರು, ಕರೀಂಖಾನರು ಸ್ವಾತಂತ್ರ್ಯ ಹೋರಾಟಗಾರರು. ಹಳ್ಳಿಯೇ ದೇಶ ಅನ್ನುವ ನಂಬಿಕೆ ಅವರನ್ನು ಹಳ್ಳಿಗೆ ಕಳಿಸಿತು. ಇದನ್ನು ನಾನು ಬೈಗುಳವಾಗಿ ಹೇಳುತ್ತಿಲ್ಲ. ಆ ನಂಬಿಕೆ ಇಲ್ಲದಿದ್ದರೆ ಆ ಹಾಡುಗಳು ನಮಗೆ ಸಿಗುತ್ತಲೇ ಇರಲಿಲ್ಲ.

ನನ್ನ ಪ್ರಶ್ನೆ ಬೇರೆ. ಯಾವ ಹಾಡು ಸಿಗಲಿಲ್ಲ? ಹೋಳಿಯಲ್ಲಿ ಹಾಡುವ ಪದಗಳು, ಮದುವೆ ಮನೆಯಲ್ಲಿ ಬೀಗಿತಿಯನ್ನು ಹಂಗಿಸುವ ಪೋಲಿ ಪದಗಳು ಇವೆಯಲ್ಲ, ಅವು ಹಳೆಯ ಸಂಕಲನಗಳಲ್ಲಿ ಎಷ್ಟಿವೆ? ತವರು, ತಾಯಿ, ಗಂಡ, ತುಳಸಿಕಟ್ಟೆ ತುಂಬಿವೆ. ದೇಶಕ್ಕೆ ತೋರಿಸಲು ಒಬ್ಬ ಒಳ್ಳೆ ಹೆಣ್ಣುಮಗಳು ಬೇಕಿತ್ತು. ಅವಳಿಗೆ ತಕ್ಕ ಹಾಡು ಒಳಗೆ ಬಂದವು, ಮಿಕ್ಕವು ಹೊರಗೆ ನಿಂತವು.

ಒಳಗೆ ಬಂದ ಹಾಡನ್ನು ಓದಿದ ರೀತಿಯಲ್ಲೂ ಅದೇ ಕತೆ. ‘ಕೆರೆಗೆ ಹಾರ’ ತಗೊಳ್ಳಿ. ಕಲ್ಲನಕೇರಿ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ನೀರು ಬರುವುದಿಲ್ಲ. ಹೊತ್ತಿಗೆ ತೆಗೆಸಿ ನೋಡಿದರೆ ಸೊಸೆಯನ್ನು ಬಲಿ ಕೊಡಬೇಕು ಅಂತ ಬರುತ್ತದೆ. ಹಿರಿ ಸೊಸೆಯನ್ನು ಕೊಟ್ಟರೆ ಮನೆಗೆ ಹಿರಿಯಳಿಲ್ಲ. ಹೀಗೆ ಲೆಕ್ಕ ಹಾಕಿ ಕೊನೆಗೆ ಕಿರಿ ಸೊಸೆ ಭಾಗೀರತಿಗೆ ಬಂದು ನಿಲ್ಲುತ್ತಾರೆ. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ಅವಳು ತವರಿಗೆ ಹೋಗಿ ಬರುತ್ತಾಳೆ. ಅಲ್ಲೂ ಯಾರೂ ತಡೆಯುವುದಿಲ್ಲ. ಕೆರೆ ತುಂಬುತ್ತದೆ, ಅವಳು ಮುಳುಗುತ್ತಾಳೆ, ಗಂಡ ಓಡಿ ಬಂದು ತಾನೂ ಹಾರಿಕೊಳ್ಳುತ್ತಾನೆ.

ಸ್ಕೂಲಲ್ಲಿ ಇದನ್ನು ನಮಗೆ ‘ತ್ಯಾಗ’ ಅಂತ ಪಾಠ ಮಾಡಿದರು. ಊರಿಗಾಗಿ ಜೀವ ಕೊಟ್ಟವಳು ಅಂತ. ಸ್ವಾತಂತ್ರ್ಯದ ಕಾಲದ ಮನಸ್ಸಿಗೆ ಈ ಓದು ಸಹಜ, ಎಲ್ಲರೂ ನಾಡಿಗಾಗಿ ಏನಾದರೂ ಕೊಡಬೇಕಿತ್ತಲ್ಲ. ಎಪ್ಪತ್ತರ ದಶಕ ದಾಟಿದ ಮೇಲೆ ಇದು ಗೌಡಿಕೆ ನಡೆಸಿದ ಕೊಲೆ ಅಂತ ಓದಿದರು. ಸ್ತ್ರೀವಾದಿಗಳು ಬಂದು, ಗೌಡನೊಬ್ಬನೇ ಯಾಕೆ, ಅತ್ತೆ ಮಾವ ಅಪ್ಪ ಅಮ್ಮ ಎಲ್ಲ ಸೇರಿ ಕೊಂದರು ಅಂದರು. ಹಾಡಿನಲ್ಲಿ ಒಂದು ಸಾಲೂ ಬದಲಾಗಲಿಲ್ಲ. ಓದುವವರ ರಾಜಕೀಯ ಬದಲಾಯಿತು.

ನನಗೆ ಮೂರನೆಯದೇ ಹಾಡಿಗೆ ಹತ್ತಿರ ಅನ್ನಿಸುತ್ತದೆ. ಯಾಕೆಂದರೆ ಭಾಗೀರತಿ ತವರಿಗೆ ಹೋಗಿಬರುವ ಭಾಗವನ್ನು ಹಾಡು ಅಷ್ಟು ನಿಧಾನವಾಗಿ ಹೇಳುತ್ತದೆ. ಬರೀ ತ್ಯಾಗದ ಕತೆಯಾಗಿದ್ದರೆ ಆ ಭಾಗ ಬೇಕೇ ಇರಲಿಲ್ಲ.

ಹನುಮಂತನಗರದ ಓದುಗ

ಮೇಡಂ, ‘ಕೆರೆಗೆ ಹಾರ’ ತಂದದ್ದು ಒಳ್ಳೆಯದಾಯಿತು. ಯಾಕೆಂದರೆ ಇದೇ ಕತೆಯ ಮೇಲೆ ಯೂರೋಪಿನಲ್ಲಿ ನೂರು ವರ್ಷಕ್ಕೂ ಜಾಸ್ತಿ ಜಗಳ ನಡೆದಿದೆ.

ಸರ್ಬಿಯದಲ್ಲಿ ಸ್ಕದರ್ ಕೋಟೆ ಕಟ್ಟಿದ ಹಾಡಿದೆ. ಹಗಲು ಕಟ್ಟಿದ್ದು ರಾತ್ರಿ ಬೀಳುತ್ತದೆ. ಮೂವರು ಅಣ್ಣತಮ್ಮಂದಿರು, ಕೊನೆಯವನ ಹೆಂಡತಿಯನ್ನು ಗೋಡೆಯೊಳಗೆ ಇಟ್ಟು ಕಟ್ಟುತ್ತಾರೆ. ಕೂಸಿಗೆ ಹಾಲು ಕುಡಿಸಲು ಎದೆಯ ಹತ್ತಿರ ಕಿಂಡಿ ಬಿಡಿ ಅಂತ ಅವಳು ಬೇಡಿಕೊಳ್ಳುತ್ತಾಳೆ. ಇದನ್ನು ಬರೆದುಕೊಂಡವನು ವುಕ್ ಕರಜಿಚ್. ಯಾಕೋಬ್ ಗ್ರಿಮ್ ಇದನ್ನು ಓದಿ ಬೆರಗಾಗಿ ಜರ್ಮನ್ನಿಗೆ ತಂದ. ಜರ್ಮನ್ ಕವಿ ಗಯಟೆಗೆ ಮಾತ್ರ ಇದು ಕಾಡುತನ ಅನ್ನಿಸಿತು. ಗ್ರೀಸಿನಲ್ಲಿ ಆರ್ತಾ ಸೇತುವೆಯ ಹಾಡು ಇದೆ. ರುಮೇನಿಯದಲ್ಲಿ ಮೇಸ್ತ್ರಿ ಮನೋಲೆ ಮಠ ಕಟ್ಟಿದ ಹಾಡು ಇದೆ. ಅದನ್ನು 1852ರಲ್ಲಿ ಅಚ್ಚು ಮಾಡಿಸಿದ ಕವಿ ಅಲೆಕ್ಸಾಂದ್ರಿ ರುಮೇನಿಯ ಒಂದಾಗಬೇಕು ಅಂತ ಹೋರಾಡಿದವನು.

ಆಮೇಲೆ ಶುರುವಾಯಿತು ನೋಡಿ. ಹಾಡು ಮೊದಲು ಹುಟ್ಟಿದ್ದು ಗ್ರೀಸಿನಲ್ಲಾ, ಸರ್ಬಿಯದಲ್ಲಾ, ಬಲ್ಗೇರಿಯದಲ್ಲಾ? ಒಂದೊಂದು ದೇಶದ ವಿದ್ವಾಂಸರೂ ನಮ್ಮದೇ ಮೂಲ ಅಂತ ಲೇಖನ ಬರೆದರು. ರುಮೇನಿಯದ ವಿದ್ವಾಂಸ ಮಿರ್ಚಾ ಎಲಿಯಾದೆ 1943ರಲ್ಲಿ ಮನೋಲೆ ಹಾಡಿನ ಮೇಲೆ ಒಂದು ಪುಸ್ತಕವನ್ನೇ ಬರೆದ. ಬಲಿಯಿಲ್ಲದೆ ಯಾವುದೂ ನಿಲ್ಲುವುದಿಲ್ಲ, ಸಾವೇ ಸೃಷ್ಟಿ ಅನ್ನುವ ಧಾಟಿ. ಇದೇ ಎಲಿಯಾದೆ 1930ರ ದಶಕದಲ್ಲಿ ಐರನ್ ಗಾರ್ಡ್ ಅನ್ನುವ ಫ್ಯಾಸಿಸ್ಟ್ ಪಡೆಯನ್ನು ಬೆಂಬಲಿಸಿ ಬರೆದವನು. ಆ ಪಡೆಯವರಿಗೂ ಹುತಾತ್ಮರಾಗುವುದೇ ದೊಡ್ಡ ಮಾತು. ಎರಡನ್ನೂ ಬೇರೆ ಬೇರೆ ಇಟ್ಟು ಓದಲು ನನಗಂತೂ ಆಗುವುದಿಲ್ಲ.

ಅಮೆರಿಕದ ಜನಪದ ವಿದ್ವಾಂಸ ಅಲನ್ ಡಂಡಸ್ 1990ರ ದಶಕದಲ್ಲಿ ಈ ಜಗಳವನ್ನೆಲ್ಲ ತೆಗೆದು ನೋಡಿದರು. ಬಾಲ್ಕನ್ ವಿದ್ವಾಂಸರು ಪಕ್ಕದ ದೇಶದ ಮೇಲೆ ಕಣ್ಣಿಟ್ಟು ಕೂತಿದ್ದರೇ ಹೊರತು ಭಾರತದಲ್ಲೂ ಇಂಥ ಹಾಡುಗಳಿವೆ ಅನ್ನುವುದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ ಅಂದರು. ಹಾಡು ಯಾವ ದೇಶದ್ದು ಅನ್ನುವುದು ಬಿಡಿ, ಗೋಡೆಯೊಳಗೆ ಹೋದವಳು ಯಾರು ಅಂತ ನೋಡಿ ಅಂತಲೂ ಹೇಳಿದರು. ಮದುವೆಯೇ ಹೆಣ್ಣನ್ನು ಗೋಡೆಯೊಳಗೆ ಕೂಡಿಹಾಕುತ್ತದೆ ಅನ್ನುವ ಓದು ಅಲ್ಲಿಂದ ಬಂತು. ನಮ್ಮ ಭಾಗೀರತಿಯನ್ನು ಗೌಡ ಮಾತ್ರವಲ್ಲ ತವರೂ ಕೈಬಿಟ್ಟಿತು ಅಂತ ಮೇಡಂ ಹೇಳಿದ್ದಕ್ಕೆ ಇದು ಎಷ್ಟು ಹತ್ತಿರ ನೋಡಿ.

ಹುಬ್ಬಳ್ಳಿಯಿಂದ ಬಂದವ, ಈಗ ಯಶವಂತಪುರ

ದೇಶಪ್ರೇಮಿಗಳ ಬಗ್ಗೆ ಮಾತಾಡಿದಿರಿ. ಬ್ರಿಟಿಷರನ್ನು ಬಿಟ್ಟರೆ ಹೇಗೆ?

ಫ್ಲೀಟ್ ಸಾಹೇಬ ನಮ್ಮ ಕಡೆ ಅಧಿಕಾರಿಯಾಗಿದ್ದವನು, ಶಾಸನ ಓದುವುದರಲ್ಲಿ ಗಟ್ಟಿಗ. 1880ರ ದಶಕದಲ್ಲಿ ಅವನು ಕನ್ನಡ ಲಾವಣಿಗಳನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಹಾಕಿದ. ಅದರಲ್ಲಿ ಸಂಗೊಳ್ಳಿ ರಾಯಣ್ಣನ ಹಾಡೂ ಇದೆ. 1831ರಲ್ಲಿ ನಂದಗಡದಲ್ಲಿ ಕಂಪನಿ ಸರ್ಕಾರ ಗಲ್ಲಿಗೇರಿಸಿದ ಮನುಷ್ಯನ ಹಾಡನ್ನು ಅದೇ ಆಡಳಿತದ ಅಧಿಕಾರಿ ಜೋಪಾನ ಮಾಡಿದ! ಜನ ಒಳಗೊಳಗೆ ಏನು ಹಾಡಿಕೊಳ್ಳುತ್ತಾರೆ ಅಂತ ತಿಳಿದುಕೊಳ್ಳುವುದು ಆಳುವವರಿಗೆ ಬೇಕೇ ಬೇಕು. ಇವತ್ತು ಮೆಜೆಸ್ಟಿಕ್‌ನ ರೈಲ್ವೆ ಸ್ಟೇಷನ್‌ಗೆ ರಾಯಣ್ಣನ ಹೆಸರಿದೆ. ನಮ್ಮವರು ಭಾಷಣ ಮಾಡುವಾಗ ಲಾವಣಿ ಉಳಿಸಿದವನ ಸುದ್ದಿ ಎತ್ತುವುದಿಲ್ಲ.

ಮೇರಿ ಫ್ರಿಯರ್ ಅವಳದು ಇನ್ನೊಂದು ನಮೂನೆ. ಅಪ್ಪ ಮುಂಬಯಿ ಗವರ್ನರ್. 1868ರಲ್ಲಿ ದಖನ್ನಿನ ಕತೆಗಳ ಪುಸ್ತಕ ತಂದಳು. ಹೇಳಿದವಳು ಮನೆಯ ಆಯಾ, ಅನ್ನಾ ಲಿಬೆರಾಟಾ ಡಿಸೋಜಾ. ಅವಳ ಅಜ್ಜನ ಕಡೆಯವರು ಲಿಂಗಾಯತರಾಗಿದ್ದು ಆಮೇಲೆ ಕ್ರೈಸ್ತರಾದವರು. ಆ ಪುಸ್ತಕದಲ್ಲಿ ಆಯಾಳ ಬದುಕಿನ ಕತೆಗೂ ಜಾಗ ಕೊಟ್ಟಿದ್ದಾರೆ. ಉತ್ತರ ಭಾರತದಲ್ಲಿ ಬ್ರಿಟಿಷ್ ಅಧಿಕಾರಿ ವಿಲಿಯಂ ಕ್ರೂಕ್‌ಗೆ ಕತೆ ಸಂಗ್ರಹಿಸಿ, ಇಂಗ್ಲಿಷಿಗೆ ಮಾಡಿಕೊಟ್ಟ ಪಂಡಿತ ರಾಮ್ ಗರೀಬ್ ಚೌಬೆಗೆ ಅಷ್ಟೂ ಸಿಗಲಿಲ್ಲ. ವಿದ್ವಾಂಸೆ ಸಾಧನಾ ನೈಥಾನಿ ಲಂಡನ್ನಿನಲ್ಲಿ ಹಸ್ತಪ್ರತಿ ಹುಡುಕಿ ತೆಗೆದ ಮೇಲೆ ಅವರ ಕೆಲಸ ಲೋಕಕ್ಕೆ ಗೊತ್ತಾಯಿತು.

ಮೈಸೂರು ಸೀಮೆಯವರು ನಗಬೇಡಿ. ನಮ್ಮ ಚಾಮರಾಜಪೇಟೆ ಸಾಹಿತ್ಯ ಪರಿಷತ್ತಿಗೆ 1915ರಲ್ಲಿ ಮೊದಲ ಅಧ್ಯಕ್ಷರಾದವರು ಎಚ್.ವಿ. ನಂಜುಂಡಯ್ಯ. ಮೈಸೂರಿನ ಜಾತಿ ಬುಡಕಟ್ಟುಗಳ ಸರ್ವೆ ಮಾಡಿದವರೂ ಅವರೇ. ಸಂಪುಟಗಳು 1928ರಿಂದ 1935ರವರೆಗೆ ಅನಂತಕೃಷ್ಣ ಅಯ್ಯರ್ ಕೈಯಲ್ಲಿ ಹೊರಬಂದವು. ಈ ಜಾತಿಗೆ ಈ ದೇವರು, ಈ ಜಾತಿಗೆ ಈ ಕತೆ ಅಂತ ಖಾನೆ ಮಾಡಿಟ್ಟದ್ದು ಅಲ್ಲಿ. ಇವತ್ತಿಗೂ ನಮ್ಮ ಥೀಸಿಸ್‌ಗಳ ಹೆಸರು ‘ಇಂಥ ಸಮುದಾಯದ ಜನಪದ’ ಅಂತಲೇ ಇರುತ್ತದೆ.

ಸುಮ್ನೆ ಓದುವವ

ಎಲ್ಲ ಸುತ್ತಿ ಬಳಸಿ ಮಾತಾಡುತ್ತಿದ್ದೀರಿ. ನೇರ ಹೇಳಿ. ಎಪ್ಪತ್ತರ ದಶಕದಲ್ಲಿ ಯೂನಿವರ್ಸಿಟಿಗಳಲ್ಲಿ ಎಡದವರು ಕೂತರು. ಅಲ್ಲಿಂದ ಜನಪದ ಅಂದರೆ ಬಂಡಾಯ, ಪ್ರತಿಭಟನೆ, ಶೋಷಣೆ. ಭಕ್ತಿ ಎಲ್ಲಿ ಹೋಯಿತು?

ಕೊಳ್ಳೇಗಾಲದ ಕಡೆಯವನು

ಅಣ್ಣಾ, ಭಕ್ತಿ ಎಲ್ಲೂ ಹೋಗಿಲ್ಲ. ಅಮಾವಾಸ್ಯೆ ದಿನ ಮಾದಪ್ಪನ ಬೆಟ್ಟಕ್ಕೆ ಬಂದು ನೋಡಿ.

ಆದರೆ ನಿಮ್ಮ ಮಾತಲ್ಲಿ ಅರ್ಧ ಸತ್ಯ ಇದೆ, ಅದನ್ನು ಬಿಡಬಾರದು. 1974ರಲ್ಲಿ ದಲಿತ ಸಂಘರ್ಷ ಸಮಿತಿ, 1975ರಲ್ಲಿ ಬೆಂಗಳೂರಿನಲ್ಲಿ ‘ಸಮುದಾಯ’ ಅನ್ನುವ ನಾಟಕ ತಂಡ, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ. ಅದೇ ಹೊತ್ತಿಗೆ ಮೈಸೂರಿನಲ್ಲಿ ಜೀಶಂಪ (ಜೀ.ಶಂ. ಪರಮಶಿವಯ್ಯ), ಪಿ.ಕೆ. ರಾಜಶೇಖರ ಇವರೆಲ್ಲ ಮಂಟೇಸ್ವಾಮಿಯನ್ನು ಹಾಡುವ ನೀಲಗಾರರ ಬಾಯಿಂದ, ಮಾದಪ್ಪನನ್ನು ಹಾಡುವ ಕಂಸಾಳೆಯವರ ಬಾಯಿಂದ ಉದ್ದುದ್ದ ಕಾವ್ಯಗಳನ್ನು ಬರೆಸಿಕೊಳ್ಳುತ್ತಿದ್ದರು. ಸಿದ್ಧಲಿಂಗಯ್ಯನವರು ಪಿಎಚ್‌ಡಿಗೆ ತಗೊಂಡ ವಿಷಯವೇ ಗ್ರಾಮದೇವತೆಗಳು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಅವರೂ ಡಿ.ಆರ್. ನಾಗರಾಜರೂ ಇದ್ದ ಕಾಲದಲ್ಲಿ ಈ ಚರ್ಚೆಗೆ ಬೇರೆಯೇ ಕಾವು ಬಂತು. ಮಾರಿ, ಮಸಣಿ, ಮುನಿಯಪ್ಪ ಅಂದರೆ ಮೂಢನಂಬಿಕೆ ಅಂತ ಒಂದು ಕಡೆ, ಹಿಂದೂ ಧರ್ಮದ ಕೆಳಗಿನ ಮೆಟ್ಟಿಲು ಅಂತ ಇನ್ನೊಂದು ಕಡೆ ತಳ್ಳಿಬಿಟ್ಟಿದ್ದರು. ಅವನ್ನು ಎದುರುನಿಂತು ನೋಡಲು ಒಂದು ರಾಜಕೀಯ ಬೇಕಾಗಿತ್ತು. ಹಳೆ ಗಾಂಧಿ ಮನಸ್ಸಿನ ಹಳ್ಳಿ ಚಿತ್ರದಲ್ಲಿ ಹೊಲೆಗೇರಿ ಇರಲಿಲ್ಲ ಅಂದರೆ ಮೇಷ್ಟ್ರು ಬೇಜಾರು ಮಾಡಿಕೊಳ್ಳಬಾರದು.

ತಕರಾರು ಎಲ್ಲಿ ಅಂದರೆ, ಎಲ್ಲವನ್ನೂ ಪ್ರತಿಭಟನೆ ಅಂತ ಓದುವುದರಲ್ಲಿ. ನೀಲಗಾರರ ಕಾವ್ಯದಲ್ಲಿ ಗುರು ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಹೋಗುವ ಭಾಗ ಬಲು ಪ್ರಸಿದ್ಧ. ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರು ಉಣ್ಣುವ ಕಲ್ಯಾಣಕ್ಕೆ ಕೊಳಕು ರೂಪದಲ್ಲಿ ಹೋಗಿ, ಬಸವಣ್ಣನ ಭಕ್ತಿಯನ್ನು ಪರೀಕ್ಷೆ ಮಾಡುತ್ತಾರೆ. ಜಂಗಮರು ಓಡುತ್ತಾರೆ. ಜಾತಿ ಬಿಡಿ ಅಂದ ಚಳವಳಿಯೇ ಜಾತಿ ಮಾಡಿತು ಅಂತ ಕೆಳಗಿನಿಂದ ಕೇಳಿದ ಪ್ರಶ್ನೆ ಇದು, ನಿಜ. ಆದರೆ ಕೊನೆಗೆ ಮಂಟೇದ ಲಿಂಗಯ್ಯನ, ಅಂದರೆ ಮಂಟೇಸ್ವಾಮಿಯ, ಗುರುತು ಹಿಡಿಯುವವನೂ ಬಸವಣ್ಣನೇ. ಸೆಮಿನಾರುಗಳಲ್ಲಿ ಮೊದಲ ಭಾಗ ಮಾತ್ರ ಕೇಳಿಸುತ್ತದೆ. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಗೆ ಒಕ್ಕಲಾದವರು ಆ ಕಾವ್ಯವನ್ನು ಪೂಜೆಯಾಗಿ ಹಾಡುತ್ತಾರೆ, ಸಿಟ್ಟಿನ ಹಾಡಾಗಿ ಅಲ್ಲ. ಎರಡೂ ಒಂದರೊಳಗೊಂದು ಇರುವುದರಿಂದಲೇ ಅದು ದೊಡ್ಡ ಕಾವ್ಯ.

ಇಟಲಿಯ ಮಾರ್ಕ್ಸ್‌ವಾದಿ ಗ್ರಾಂಶಿಯನ್ನು ಎಲ್ಲರೂ ಹೆಸರಿಸುತ್ತಾರೆ. ಜೈಲಲ್ಲಿ ಕೂತು ಜನಪದದ ಬಗ್ಗೆ ಬರೆದ ಟಿಪ್ಪಣಿಯಲ್ಲಿ ಅವನು ಅದನ್ನು ಆಳಿಸಿಕೊಂಡವರ ಲೋಕದೃಷ್ಟಿ ಅಂದ. ಗಂಭೀರವಾಗಿ ತಗೊಳ್ಳಿ ಅಂದ. ತಲೆಮೇಲೆ ಹೊತ್ತು ಮೆರೆಸಿ ಅನ್ನಲಿಲ್ಲ. ಅದರ ಜಾಗಕ್ಕೆ ಹೊಸ ತಿಳಿವಳಿಕೆ ಬರಬೇಕು ಅಂತಲೇ ಅವನ ಆಸೆ. ನಮ್ಮ ಎಡದ ಗೆಳೆಯರು ಈ ಎರಡನೇ ಭಾಗ ಓದುವುದಿಲ್ಲ.

ಸುಮ್ನೆ ಓದುವವ

ಒಪ್ಪಿಕೊಂಡಿರಲ್ಲ, ಸಾಕು.

ಅರ್ಧ ಪಿಎಚ್‌ಡಿ

ಸಾಕಾಗುವುದಿಲ್ಲ. ಎಡದವರ ತಪ್ಪು ಹೇಳುವುದಾದರೆ ಪೂರ್ತಿ ಹೇಳೋಣ, ಅವರ ಎದುರಾಳಿಗಳದ್ದನ್ನೂ ಹೇಳೋಣ.

ಸೋವಿಯತ್ ರಷ್ಯಾದಲ್ಲಿ ವಿದ್ವಾಂಸ ಪ್ರಾಪ್ 1928ರಲ್ಲಿ ಕಿನ್ನರಿ ಕತೆಗಳ ರಚನೆಯ ಮೇಲೆ ಪುಸ್ತಕ ಬರೆದ. ಇವತ್ತು ನಮ್ಮ ಎಂಎ ತರಗತಿಯಲ್ಲೂ ಅದನ್ನು ಓದಿಸುತ್ತಾರೆ. ಅಲ್ಲಿ ಸ್ವಲ್ಪ ದಿನಕ್ಕೇ ರೂಪನಿಷ್ಠೆ, ಅಂದರೆ ರಚನೆಯನ್ನಷ್ಟೇ ನೋಡುವವರು, ಅನ್ನುವುದೇ ಬೈಗುಳವಾಯಿತು. 1958ರಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಲೋಕ ಅವನನ್ನು ಕಂಡಿತು. 1936ರಲ್ಲಿ ಕವಿ ದೆಮ್ಯಾನ್ ಬೆದ್ನಿ ಹಳೆ ರಷ್ಯನ್ ವೀರರನ್ನು ಗೇಲಿ ಮಾಡಿ ಬರೆದ ಆಪೆರಾ ಮೇಲಿಂದ ಬಂದ ಆಜ್ಞೆಯಿಂದ ನಿಂತಿತು. ಅಲ್ಲಿಯತನಕ ಆ ವೀರಗೀತೆಗಳು ಹುಟ್ಟಿದ್ದು ದೊಡ್ಡವರ ಆಸ್ಥಾನದಲ್ಲಿ ಅಂತ ವಿದ್ವಾಂಸರು ಬರೆಯುತ್ತಿದ್ದರು. ಇದ್ದಕ್ಕಿದ್ದ ಹಾಗೆ ಎಲ್ಲವೂ ದುಡಿಯುವ ಜನರ ಸೃಷ್ಟಿ ಅಂತಾಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಮಾರ್ಫಾ ಕ್ರ್ಯುಕೋವಾಳಂಥ ಹಳ್ಳಿ ಹಾಡುಗಾರ್ತಿಯರ ಪಕ್ಕ ಬರಹಗಾರರನ್ನು ಕೂರಿಸಿ ಲೆನಿನ್, ಸ್ಟಾಲಿನ್ ಮೇಲೆ ಹಳೆ ಧಾಟಿಯ ಹೊಸ ವೀರಗೀತೆ ಕಟ್ಟಿಸಿದರು. ಸ್ಟಾಲಿನ್ 1953ರಲ್ಲಿ ಸತ್ತ. ಆಮೇಲೆ ಅಲ್ಲಿನ ವಿದ್ವಾಂಸರೇ ಇವು ಜನಪದ ಅಲ್ಲ ಅನ್ನಲು ಶುರು ಮಾಡಿದರು.

ಆ ಕಡೆ ಅಮೆರಿಕದಲ್ಲಿ ಜನಪದ ವಿದ್ವಾಂಸ ರಿಚರ್ಡ್ ಡಾರ್ಸನ್. ವ್ಯಾಪಾರಕ್ಕೆ ಕಟ್ಟಿದ ನಕಲಿ ಜನಪದಕ್ಕೆ ‘ಫೇಕ್‌ಲೋರ್’ ಅಂತ 1950ರಲ್ಲಿ ಹೆಸರಿಟ್ಟವರು ಅವರೇ. ಪಾಲ್ ಬನ್ಯನ್ ಅನ್ನುವ ದೈತ್ಯ ಮರಕಡಿಯುವವನ ಕತೆ ಅಷ್ಟು ಹರಡಿದ್ದು ಒಂದು ಮರದ ಕಂಪನಿಯ ಜಾಹೀರಾತು ಪುಸ್ತಿಕೆಗಳಿಂದ. ಕಮ್ಯುನಿಸ್ಟರು ಜನಪದವನ್ನು ಪ್ರಚಾರಕ್ಕೆ ಬಳಸುತ್ತಾರೆ ಅಂತಲೂ ಡಾರ್ಸನ್ ಬೈದರು. ಸರಿ. ಆದರೆ ಸ್ಪುಟ್ನಿಕ್ ಹಾರಿದ ಮೇಲೆ, 1958ರಲ್ಲಿ, ಅಮೆರಿಕ ದೇಶರಕ್ಷಣೆಗಾಗಿ ಶಿಕ್ಷಣ ಅಂತ ಕಾನೂನು ಮಾಡಿ ಹಣ ಸುರಿಯಿತು. ಆ ಹಣ ಜನಪದ ವಿದ್ಯಾರ್ಥಿಗಳಿಗೂ ಸಿಗಬೇಕು ಅಂತ 1962ರಲ್ಲಿ ಲೇಖನ ಬರೆದು ವಾದಿಸಿದವರೂ ಇದೇ ಡಾರ್ಸನ್. ಶೀತಲ ಸಮರಕ್ಕೆ ಜನಪದ ಬೇಕು ಅಂತ! ಅವರ ಕಣ್ಣಿಗೆ ರಾಜಕೀಯ ಕಂಡದ್ದು ಎದುರು ಮನೆಯಲ್ಲಿ ಮಾತ್ರ.

ಕುಡ್ಲದವಳು, ಈಗ ಇಂದಿರಾನಗರ

ನಮ್ಮ ತುಳುನಾಡಿನ ಕತೆ ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ.

ಪಾಡ್ದನಗಳನ್ನು, ಅಂದರೆ ತುಳುವಿನ ಕಥನ ಹಾಡುಗಳನ್ನು, ಮೊದಲು ಅಚ್ಚು ಹಾಕಿದ್ದು ಬಾಸೆಲ್ ಮಿಷನ್ನಿನ ಮ್ಯಾನರ್, 1886ರಲ್ಲಿ, ಮಂಗಳೂರಲ್ಲಿ. ಬರ್ನೆಲ್ ಅನ್ನುವ ಜಡ್ಜ್ ಸಂಗ್ರಹಿಸಿದ್ದು ಅವನು ತೀರಿಕೊಂಡ ಮೇಲೆ 1894ರಿಂದ ಬಂತು. ಅದರ ತಲೆಬರಹವೇ ತುಳುವರ ‘ದೆವ್ವಪೂಜೆ’. ಈ ನಂಬಿಕೆ ಬಿಡಿಸಲು ಬಂದವರೇ ಇದನ್ನು ಅಕ್ಷರಕ್ಕೆ ಇಳಿಸಿದರು. ಇವತ್ತು ಅದೇ ಪಠ್ಯ ನೋಡಿ ನಮ್ಮ ದೈವಗಳು ವೇದದ ಕಾಲದಿಂದಲೂ ಇವೆ ಅನ್ನುವವರಿದ್ದಾರೆ. ಅವಕ್ಕೂ ವೈದಿಕಕ್ಕೂ ಸಂಬಂಧವೇ ಇಲ್ಲ ಅನ್ನುವವರೂ ಇದ್ದಾರೆ. ಕೋಲ ಕಟ್ಟುವ ಪಂಬದ, ನಲಿಕೆ, ಪರವ ಸಮುದಾಯದವರನ್ನು ಈ ಇಬ್ಬರಲ್ಲಿ ಯಾರೂ ವೇದಿಕೆಗೆ ಕರೆದದ್ದು ನಾನು ನೋಡಿದ್ದು ಅಪರೂಪ.

ಇನ್ನು ಫಿನ್‌ಲ್ಯಾಂಡ್. ಹನುಮಂತನಗರದ ಓದುಗರು ಅದನ್ನು ಬಿಟ್ಟದ್ದು ನನಗೆ ಆಶ್ಚರ್ಯ. ಸ್ವೀಡನ್ನಿನ ಕೈಯಲ್ಲಿದ್ದ ಆ ನಾಡು 1809ರಲ್ಲಿ ರಷ್ಯಾದ ಕೈಗೆ ಹೋಯಿತು. ಎಲಿಯಾಸ್ ಲೊನ್‌ರೊಟ್ ಅನ್ನುವ ಡಾಕ್ಟರು ಕರೇಲಿಯದ ಹಳ್ಳಿಗಳಲ್ಲಿ ಅಲೆದು ಬಿಡಿಬಿಡಿ ಹಾಡು ಸಂಗ್ರಹಿಸಿ 1835ರಲ್ಲಿ ‘ಕಲೆವಲ’ ತಂದ. 1849ರಲ್ಲಿ ಅದನ್ನು ಬೆಳೆಸಿ 22,795 ಸಾಲು ಮಾಡಿದ. ಸಾಲುಗಳು ಬಹುಪಾಲು ಹಾಡುಗಾರರವೇ. ಒಂದೇ ಮಹಾಕಾವ್ಯವಾಗಿ ಹೆಣೆದದ್ದು ಅವನು. ಹಾಗೆ ಪೂರ್ತಿ ಯಾರೂ ಯಾವತ್ತೂ ಹಾಡಿರಲಿಲ್ಲ. ನಮಗೂ ಒಂದು ಹೋಮರ್ ಇದೆ ಅಂತ ಹೇಳಿಕೊಳ್ಳಲು ಅದು ಬೇಕಿತ್ತು. 1917ರ ಸ್ವಾತಂತ್ರ್ಯಕ್ಕೆ ಅದು ಬಲ ಕೊಟ್ಟಿತು. ಆಮೇಲೆ ಗಡಿಯಾಚೆಯ ಕರೇಲಿಯವೂ ನಮ್ಮದೇ ಅನ್ನುವವರಿಗೂ ಅದೇ ಆಧಾರವಾಯಿತು.

ಆ ಫಿನ್‌ಲ್ಯಾಂಡಿನಿಂದ ಲೌರಿ ಹೊಂಕೊ ನಮ್ಮ ಬೆಳ್ತಂಗಡಿ ಕಡೆಗೆ ಬಂದರು. ವಿವೇಕ ರೈ, ಚಿನ್ನಪ್ಪ ಗೌಡ ಜೊತೆ ಸೇರಿ ಹಾಡುಗಾರ ಗೋಪಾಲ ನಾಯ್ಕರ ಬಾಯಿಂದ ಸಿರಿ ಅನ್ನುವ ಹೆಣ್ಣಿನ ತುಳು ಕಾವ್ಯ ರೆಕಾರ್ಡ್ ಮಾಡಿದರು. 1990ರಲ್ಲಿ ರೆಕಾರ್ಡಿಂಗ್, 1998ರಲ್ಲಿ ಪುಸ್ತಕ, 15,683 ಸಾಲು. ಲೊನ್‌ರೊಟ್ ಮಾಡಿದ ಹಾಗೆ ಹತ್ತು ಜನರದ್ದು ಸೇರಿಸಲಿಲ್ಲ. ಒಬ್ಬನೇ ಹಾಡುಗಾರ, ಒಂದೇ ಸಲದ ಹಾಡು, ಒಂದು ಸಾಲೂ ಕೈಯಾಡಿಸಿಲ್ಲ. ಕಲೆವಲದ ಹಳೇ ತಪ್ಪಿಗೆ ಪ್ರಾಯಶ್ಚಿತ್ತ ತುಳುನಾಡಿನಲ್ಲಿ ಆಯಿತು ಅಂತ ನಾನು ತಮಾಷೆ ಮಾಡುವುದುಂಟು.

ಆದರೆ ಇಲ್ಲೂ ಒಂದು ಮಾತಿದೆ. ಸಿರಿಯ ಗುಡಿಯಾದ ಆಲಡೆಯ ಜಾತ್ರೆಯಲ್ಲಿ, ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುತ್ತಾ ಹಾಡುವಾಗ ಯಾರೂ ಹದಿನೈದು ಸಾವಿರ ಸಾಲು ಹಾಡುವುದಿಲ್ಲ. ಸಂದರ್ಭಕ್ಕೆ ಬೇಕಾದಷ್ಟು ಹಾಡುತ್ತಾರೆ. ಅಷ್ಟು ಉದ್ದ ಹೊರಬಂದದ್ದು ಕೇಳಲು ಕೂತವರು ಪೂರ್ತಿ ಬೇಕು ಅಂದದ್ದರಿಂದ. ಉದ್ದ ಇದ್ದರೇ ಮಹಾಕಾವ್ಯ, ಮಹಾಕಾವ್ಯ ಇದ್ದರೇ ಮರ್ಯಾದೆ. ನಮ್ಮಲ್ಲೂ ಈ ಚಾಳಿ ಬಂತು. ಮಾದೇಶ್ವರ, ಮಂಟೇಸ್ವಾಮಿ, ಜುಂಜಪ್ಪ, ಕೋಟಿ ಚೆನ್ನಯ, ಪ್ರತಿ ಸಮುದಾಯಕ್ಕೂ ಒಂದು ದಪ್ಪ ಸಂಪುಟ. ಸಂತೋಷವೇ. ಒಗಟು, ಬೈಗುಳ, ಜೋಗುಳ ಹಿಂದೆ ಬಿದ್ದವು.

ಜಯನಗರದ ನಿವೃತ್ತ ಮೇಷ್ಟ್ರು

ಕುಡ್ಲದ ತಂಗಿ ಹೇಳಿದ್ದು ಖುಷಿಯಾಯಿತು. ನೀವೆಲ್ಲ ಹೇಳಿದ ಮೇಲೂ ನನ್ನ ಒಂದು ಮಾತು ಉಳಿದಿದೆ. ಹಾಡು ಬರೆದುಕೊಳ್ಳುವವನಿಗೆ ಸಿದ್ಧಾಂತ ಇರಲಿ, ಆದರೆ ಅವನ ಸಿದ್ಧಾಂತಕ್ಕೆ ಒಗ್ಗದ ಸಾಲನ್ನೂ ಅವನು ಬರೆದುಕೊಂಡಿದ್ದಾನಾ? ನಾನು ನೋಡುವುದು ಅದನ್ನು.

ರಾಮೇಗೌಡ, ರಾಜಶೇಖರ, ಬಸವಯ್ಯ ಮೂವರೂ 1973ರಲ್ಲಿ ಮೈಸೂರಿನಿಂದ ‘ಜನಪದ ರಾಮಾಯಣ’ ತಂದರು. ಅದರಲ್ಲಿ ರಾವುಳ ಅಂತ ಬರುವವನು ನಮ್ಮ ರಾವಣ. ಮಕ್ಕಳಿಲ್ಲ ಅಂತ ಶಿವ ಮಾವಿನ ಹಣ್ಣು ಕೊಡುತ್ತಾನೆ. ತಿರುಳು ಹೆಂಡತಿಗೆ, ಓಟೆ ನನಗೆ ಅಂತ ರಾವುಳ ಮಾತು ಕೊಡುತ್ತಾನೆ. ಇವನು ಆಸೆಬುರುಕ, ತಿರುಳನ್ನು ತಾನೇ ತಿಂದು ಬಸುರಾಗುತ್ತಾನೆ. ದಿನಕ್ಕೊಂದು ತಿಂಗಳು ತುಂಬಿ, ಒಂಬತ್ತನೇ ದಿನ ಸೀನುತ್ತಾನೆ, ಮೂಗಿನಿಂದ ಸೀತೆ ಹುಟ್ಟುತ್ತಾಳೆ. ಸಂಗ್ರಹಿಸಿದವರು ಇದನ್ನು ಮುಚ್ಚಿಡಲಿಲ್ಲ, ತಿದ್ದಲಿಲ್ಲ. ಎ.ಕೆ. ರಾಮಾನುಜನ್ ತಮ್ಮ ಮುನ್ನೂರು ರಾಮಾಯಣಗಳ ಪ್ರಬಂಧದಲ್ಲಿ ಇದನ್ನು ಬಳಸಿಕೊಂಡರು. ಆ ಪ್ರಬಂಧವನ್ನು 2011ರ ಅಕ್ಟೋಬರಿನಲ್ಲಿ ದೆಹಲಿ ವಿಶ್ವವಿದ್ಯಾಲಯದ ಅಕಾಡೆಮಿಕ್ ಕೌನ್ಸಿಲ್ ಇತಿಹಾಸದ ಪಾಠದಿಂದ ತೆಗೆದುಹಾಕಿತು. ‘ಭಕ್ತಿ ಎಲ್ಲಿ ಹೋಯಿತು’ ಅಂತ ಕೇಳಿದವರೇ, ತಂಬೂರಿ ಹಿಡಿದು ಈ ರಾಮಾಯಣ ಹಾಡಿದವರೂ ಭಕ್ತರೇ ಕಣ್ರೀ. ಅವರ ಭಕ್ತಿಗೆ ರಾವಣ ಬಸುರಾದರೆ ತೊಂದರೆಯಿಲ್ಲ. ತೊಂದರೆ ಆದದ್ದು ಕೌನ್ಸಿಲ್‌ಗೆ.

ಸುಮ್ನೆ ಓದುವವ

ಕೌನ್ಸಿಲ್ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಪಾಠ ಯಾವುದು ಇರಬೇಕು ಅನ್ನುವುದು ಯೂನಿವರ್ಸಿಟಿಗೆ ಬಿಟ್ಟದ್ದು. ಆದರೆ ಹಾಡನ್ನು ತಿದ್ದಬಾರದು ಅನ್ನುವುದಕ್ಕೆ ನನ್ನ ಓಟು ಇದೆ.

ಹುಬ್ಬಳ್ಳಿಯಿಂದ ಬಂದವ, ಈಗ ಯಶವಂತಪುರ

ಓಟು ಬಿತ್ತು ಅಂತ ಬರೆದುಕೊಳ್ಳಿ.

ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಜನಪದ ರಂಗಕಲೆಗಳ ಕೇಂದ್ರಕ್ಕೆ ಫೋರ್ಡ್ ಫೌಂಡೇಶನ್ ನೆರವಿತ್ತು. ಅಮೆರಿಕದ ದುಡ್ಡು ಅಂತ ಆಗ ಗೊಣಗಿದವರಿದ್ದರು. ಆದರೆ ಅಲ್ಲಿ ಆದ ರೆಕಾರ್ಡಿಂಗ್‌ಗಳನ್ನು ಇವತ್ತು ಎಡ ಬಲ ಎರಡೂ ಕಡೆಯವರು ಬಳಸುತ್ತಾರೆ. ಎಚ್.ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತು ಕಟ್ಟಿ, ಆಮೇಲೆ ರಾಮನಗರದ ಹತ್ತಿರ ಜಾನಪದ ಲೋಕ ಎಬ್ಬಿಸಿದರು. ಅವರು ಐಎಎಸ್ ಅಧಿಕಾರಿಯಾಗಿದ್ದವರು, ಸರ್ಕಾರದ ಬಾಗಿಲು ಹೇಗೆ ತಟ್ಟಬೇಕು ಅಂತ ಗೊತ್ತಿತ್ತು. ಸರ್ಕಾರ ದುಡ್ಡು ಕೊಟ್ಟರೆ ಕಲೆ ಮೆರವಣಿಗೆಗೆ ಬರಬೇಕಾಗುತ್ತದೆ. ದಸರೆಯ ದಿನ ಡೊಳ್ಳಿನವರಿಗೂ ಪೂಜಾ ಕುಣಿತದವರಿಗೂ ರಾಜಬೀದಿಯಲ್ಲಿ ಸಿಗುವುದು ಎಷ್ಟು ನಿಮಿಷ? ರಾತ್ರಿಯೆಲ್ಲ ಆಡುವ ಆಟ ಅಷ್ಟರಲ್ಲಿ ಮುಗಿಯಬೇಕು. ಇದೂ ಒಂದು ಐಡಿಯಾಲಜಿಯೇ, ಬಾವುಟ ಇಲ್ಲದ್ದು.

ಕೊಳ್ಳೇಗಾಲದ ಕಡೆಯವನು

ಅದಕ್ಕೇ ನಾನು ಪುಸ್ತಕ ತೆಗೆದ ಕೂಡಲೇ ಮೊದಲು ರಕ್ಷಾಪುಟ ನೋಡುತ್ತೇನೆ. ಸಂಪಾದಕರ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ. ಹಾಡಿದವರ ಹೆಸರು ಒಳಗೆ ಎಲ್ಲೋ, ‘ವಕ್ತೃಗಳು’ ಅನ್ನುವ ಪಟ್ಟಿಯಲ್ಲಿ, ಊರು ವಯಸ್ಸು ಜಾತಿ ಸಮೇತ. ಜಾತಿ ಮಾತ್ರ ಯಾರೂ ಮರೆಯುವುದಿಲ್ಲ. ಸಂಪಾದಕರ ಜಾತಿ ಬರೆದ ಪುಸ್ತಕ ಒಂದಾದರೂ ತೋರಿಸಿ.

ಕುಡ್ಲದವಳು, ಈಗ ಇಂದಿರಾನಗರ

ಸಿರಿ ಸಂಪುಟದ ತಲೆಬರಹದಲ್ಲೇ ಗೋಪಾಲ ನಾಯ್ಕರ ಹೆಸರಿದೆ, ‘ಗೋಪಾಲ ನಾಯ್ಕ ಹಾಡಿದ ಸಿರಿ ಕಾವ್ಯ’ ಅನ್ನುವ ಅರ್ಥದಲ್ಲಿ.

ಕೊಳ್ಳೇಗಾಲದ ಕಡೆಯವನು

ಒಳ್ಳೆ ಕೆಲಸ. ನೀಲಗಾರರ ಕಾವ್ಯ ಇನ್ನೊಮ್ಮೆ ಅಚ್ಚಾಗುವಾಗ ಪ್ರಕಾಶಕರು ಅಷ್ಟು ಮಾಡಲಿ. ಅರ್ಧ ಪಿಎಚ್‌ಡಿ ಅಕ್ಕಾ, ನಿಮ್ಮ ಥೀಸಿಸ್ ಮುಗಿದರೆ ಅದರಿಂದಲೇ ಶುರು ಮಾಡಬಹುದು.

ಅರ್ಧ ಪಿಎಚ್‌ಡಿ

ಗೈಡ್ ಒಪ್ಪಬೇಕಲ್ಲ.